ರೆಪ್ಪೆ ಬಡಿದ ದೆವ್ವ

ನನ್ನ ನಿವೃತ್ತಿಗೆ ಒಂದು ವರ್ಷ ಬಾಕಿ ಇದ್ದಾಗಿನ ಮಾತು. ಶಿವಮೊಗ್ಗದ ದಿನಪತ್ರಿಕೆಯೊಂದರಲ್ಲಿ ಭಾನುವಾರದ ಸಿನಿಮಾ ಪುಟ ನನ್ನ ಪಾಲಿಗಿತ್ತು. ಓದುಗರು ಚಿತ್ರಮಂದಿರ ಬಿಟ್ಟು ಮೊಬೈಲಿನಲ್ಲೇ ಧಾರಾವಾಹಿ ನೋಡತೊಡಗಿದ್ದರಿಂದ ನನ್ನ ವಿಮರ್ಶೆಯೂ ಅತ್ತ ಹೊರಳಿತ್ತು. ಕಟುವಾಗಿ ಬರೆಯುತ್ತಾಳೆ ಎಂಬ ಹೆಸರು ನನಗಿತ್ತು. ಆ ಹೆಸರು ನನಗೆ ಇಷ್ಟವೂ ಆಗಿತ್ತು.

ಆ ವರ್ಷ ಜಪಾನಿನ ಒಂದು ಅನಿಮೆ, ಅಂದರೆ ಅಲ್ಲಿನ ಅನಿಮೇಷನ್ ಧಾರಾವಾಹಿ, ಎಲ್ಲೆಡೆ ಸುದ್ದಿಯಾಯಿತು. ಅದರ ಮೂಲ ಒಂದು ಹಳೆಯ ಮಾಂಗಾ. ಮಾಂಗಾ ಎಂದರೆ ಚಿತ್ರಗಳಲ್ಲೇ ಕಥೆ ಹೇಳುವ ಪುಸ್ತಕ. ಸತ್ತ ಹೆಂಗಸೊಬ್ಬಳು ಊರಿನವರ ಕಿಟಕಿಯಾಚೆ ನಿಂತು ಎವೆಯಿಕ್ಕದೆ ನೋಡುತ್ತಾಳೆ. ಎಷ್ಟು ಪುಟ ತಿರುಗಿಸಿದರೂ ಅದೇ ನೋಟ, ಭಯವೆಲ್ಲ ಇರುವುದು ಅಲ್ಲೇ. ಮೊದಲ ಕಂತು ಆ ನೋಟವನ್ನು ಕಪ್ಪು ಬಿಳುಪಿನಲ್ಲೇ ಉಳಿಸಿಕೊಂಡಿತ್ತು. ವಿಮರ್ಶಕರೆಲ್ಲ ಹಾಡಿ ಹೊಗಳಿದರು, ನಾನೂ ಹೊಗಳಿದೆ.

ಎರಡನೇ ಕಂತು ಬಂದಾಗ ಅದೇ ಜನ ಹರಿಹಾಯ್ದರು. ಕೆಲಸ ಅವಸರದ್ದು ಎಂಬುದು ಎದ್ದು ಕಾಣುತ್ತಿತ್ತು. ಎಲ್ಲಕ್ಕಿಂತ ನಗೆಪಾಟಲಾದದ್ದು ಒಂದು ದೃಶ್ಯ. ಕಿಟಕಿಯಾಚೆಯ ಆ ಹೆಂಗಸು ಪಟಪಟನೆ ರೆಪ್ಪೆ ಬಡಿದಳು! ಆ ತುಣುಕನ್ನು ಇಂಟರ್ನೆಟ್ಟಿನಲ್ಲಿ ಹಾಕಿಕೊಂಡು ಜಗತ್ತೇ ನಕ್ಕಿತು. ನಾನು ಬಿಡುತ್ತೇನೆಯೇ? 'ದೆವ್ವದ ಕಣ್ಣಿಗೆ ಧೂಳು ಬಿದ್ದಿದೆ, ಯಾರಾದರೂ ಊದಿ' ಎಂದು ತಲೆಬರಹ ಕೊಟ್ಟು, ಚಿತ್ರ ಬರೆದವರನ್ನು ಸೋಮಾರಿಗಳೆಂದು ಕರೆದು ವಿಮರ್ಶೆ ಮುಗಿಸಿದೆ. ಭಾನುವಾರ ಈ ವಿಮರ್ಶೆ ಬರಲಿದೆ ಎಂಬ ಸೂಚನೆ ಶುಕ್ರವಾರದ ಪತ್ರಿಕೆಯಲ್ಲಿ ಅಚ್ಚಾಯಿತು.

ಅವತ್ತೇ ಮಧ್ಯಾಹ್ನ ಸೆಲ್ವಿ ಎಂಬ ಹುಡುಗಿ ಕಚೇರಿಗೆ ಬಂದಳು. ಮನೆ ಭದ್ರಾವತಿಯ ನ್ಯೂಟೌನಿನಲ್ಲಿ, ಕೆಲಸ ನಮ್ಮ ವಿದ್ಯಾನಗರದ ಪುಟ್ಟ ಅನಿಮೇಷನ್ ಕಚೇರಿಯೊಂದರಲ್ಲಿ. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಮೇಡಂ, ಆ ರೆಪ್ಪೆ ಬಡಿಯೋ ಸೀನ್ ನಾನೇ ಮಾಡಿದ್ದು."

ನಾನು ನಂಬಲಿಲ್ಲ. ಅವಳು ವಿವರಿಸಿದಳು. ಜಪಾನಿನ ಸ್ಟುಡಿಯೊದವರು ಮುಖ್ಯ ಭಂಗಿಗಳನ್ನಷ್ಟೇ ಬರೆಯುತ್ತಾರೆ, ಅವು ಕೀ ಫ್ರೇಮ್. ಒಂದು ಭಂಗಿಯಿಂದ ಇನ್ನೊಂದಕ್ಕೆ ಹೋಗುವ ನಡುವಿನ ಚಿತ್ರಗಳು ಇನ್‌ಬಿಟ್ವೀನ್. ಅವನ್ನು ಹೊರಗಿನವರಿಗೆ ಗುತ್ತಿಗೆ ಕೊಡುತ್ತಾರೆ. ಎರಡನೇ ಕಂತಿನ ಒಂದು ಪಾಲು ಹಾಗೆ ಕೈಯಿಂದ ಕೈಗೆ ದಾಟುತ್ತ ವಿದ್ಯಾನಗರಕ್ಕೆ ಬಂದಿತ್ತು. ಜೊತೆಗೆ ಗಡುವು ಬಂದಿತ್ತು, ಕಥೆ ಬಂದಿರಲಿಲ್ಲ.

"ಬರೀಬೇಡಿ ಅನ್ನೋಕೆ ಬಂದ್ಯೇನಮ್ಮ?" ಎಂದೆ.

"ಇಂಗ್ಲಿಷಲ್ಲಿ ಎಷ್ಟು ಬೈದ್ರೂ ನಮ್ಮಪ್ಪಂಗೆ ಗೊತ್ತಾಗಲ್ಲ ಮೇಡಂ. ನಿಮ್ ಪೇಪರ್ ಮಾತ್ರ ದಿನಾ ಓದ್ತಾರೆ. ಭಾನುವಾರ ನೀವು ನಕ್ರೆ, ಸೋಮವಾರದಿಂದ ಮನೇಲಿರು ಅಂತಾರೆ."

ಅವಳ ತಂದೆ ಮುರುಗೇಶ್ ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು. ಚಿತ್ರ ಬರೆಯುವುದೂ ಒಂದು ಕೆಲಸವಾ ಎಂದು ಮೂಗು ಮುರಿದು ಮಗಳನ್ನು ಬಿಡಿಸಲು ಹೊರಟಿದ್ದವರು, ಅದು ಜಪಾನಿನ ಧಾರಾವಾಹಿಯ ಕೆಲಸವೆಂದು ತಿಳಿದ ಮೇಲೆ ತಣ್ಣಗಾಗಿದ್ದರು. ಮೊದಲ ಕಂತಿಗೆ ನಾನು ಬರೆದ ಹೊಗಳಿಕೆಯನ್ನು ಟೀ ಅಂಗಡಿಯಲ್ಲಿ ಗಟ್ಟಿಯಾಗಿ ಓದಿ, ಇದು ನನ್ನ ಮಗಳದ್ದು ಎಂದು ಹೇಳಿಕೊಂಡಿದ್ದರಂತೆ. ಆ ಕಂತಿನಲ್ಲಿ ಅವಳ ಒಂದು ಗೆರೆಯೂ ಇರಲಿಲ್ಲ. ಅಪ್ಪನ ಸಂತೋಷ ನೋಡಿ ಅವಳು ಬಾಯಿ ಬಿಟ್ಟಿರಲಿಲ್ಲ.

"ಅಲ್ಲ ಮಾರಾಯ್ತಿ, ದೆವ್ವಕ್ಕೆ ಯಾಕೆ ರೆಪ್ಪೆ ಬಡಿಸಿದೆ?"

"ಮುಖ ಸುಮ್ನೆ ನಿಂತ್ರೆ ಸತ್ತಂಗೆ ಕಾಣುತ್ತೆ ಮೇಡಂ. ನಮಗೆ ಮೊದಲು ಕಲಿಸೋದೇ ಅದು. ನಿಂತ ಮುಖ ಕಂಡ್ರೆ ಕೈ ತಾನಾಗೇ ರೆಪ್ಪೆ ಹಾಕುತ್ತೆ, ಜೀವ ಬರ್ಲಿ ಅಂತ." ಆಮೇಲೆ ಸೇರಿಸಿದಳು: "ಅವಳು ಸತ್ತೋಳು ಅಂತ ನಂಗೆ ಯಾರೂ ಹೇಳಿರ್ಲಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ನಗುತ್ತಲೇ ಕಣ್ಣು ತುಂಬಿಕೊಂಡಳು. ಆದರೂ ಕಂತು ಕೆಟ್ಟಿದೆ ಎಂದು ಬರೆಯದೆ ಇರಲಾರೆ ಎಂದೆ. "ಕೆಟ್ಟಿದೆ ಮೇಡಂ, ನಂಗೂ ಗೊತ್ತು" ಎಂದು ಹೊರಟುಹೋದಳು.

ಸಂಜೆ ಮತ್ತೆ ಬರೆಯಲು ಕುಳಿತೆ. ಕಂತು ಸೋತಿದೆ, ರೆಪ್ಪೆ ಬಡಿದ ಕ್ಷಣದಲ್ಲೇ ಭಯ ಸತ್ತಿದೆ ಎಂಬುದನ್ನು ಹಾಗೇ ಉಳಿಸಿದೆ. ಸೋಮಾರಿ ಎಂಬ ಮಾತು ತೆಗೆದೆ. ಪರದೆಯ ಮೇಲೆ ಕಂಡದ್ದು ಕೆಟ್ಟ ಕೆಲಸ, ಅದನ್ನು ಮಾಡಿದವರ ಸ್ವಭಾವವಲ್ಲ. ನಡುವಿನ ಚಿತ್ರಗಳು ಹೇಗೆ ತಯಾರಾಗುತ್ತವೆ ಎಂದು ವಿವರಿಸಿ, ಕಥೆಯನ್ನೇ ಹೇಳದೆ ಕೆಲಸ ಕೊಟ್ಟರೆ ಕೈ ತಾನು ಕಲಿತದ್ದನ್ನೇ ಮಾಡುತ್ತದೆ ಎಂದು ಬರೆದೆ. ಹೆಸರು, ಊರು ಯಾವುದನ್ನೂ ಹಾಕಲಿಲ್ಲ. ಧೂಳಿನ ತಲೆಬರಹವನ್ನೂ ಹೊಡೆದುಹಾಕಿದೆ. ಎಂಥ ತಲೆಬರಹ ಅದು! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಭಾನುವಾರ ಬೆಳಿಗ್ಗೆ ಫೋನ್ ಬಂತು.

"ಮೇಡಂ, ನಾನು ಸೆಲ್ವಿ ಅಪ್ಪ. ನಿಮ್ ಪೇಪರ್ನ ಅವಳೇ ನಂಗೆ ಓದಿ ಹೇಳಿದ್ಲು. ಹೋದ ಸಲ ಹೊಗಳಿದ್ದು ಅವಳದ್ದಲ್ವಂತೆ, ಈ ಸಲ ಬೈದಿದ್ದು ಅವಳದ್ದಂತೆ."

ಕೆಲಸ ಬಿಡಿಸುತ್ತೀರಾ ಎಂದು ಕೇಳಿದೆ.

"ಯಾಕ್ ಬಿಡಿಸ್ಲಿ? ನಾವೂ ಕೈಯಲ್ಲಿ ಕೆಲಸ ಮಾಡಿದೋರೇ, ನಮಗೆ ಅರ್ಥ ಆಗುತ್ತೆ. ಟೀ ಅಂಗಡೀಲಿ ಇದೀನಿ ಮೇಡಂ. ಆ ರೆಪ್ಪೆ ಬಡಿಯೋದನ್ನ ಎಲ್ಲರಿಗೂ ತೋರಿಸ್ತಾ ಇದೀನಿ. ಇದಾದ್ರೂ ನನ್ ಮಗಳೇ ಬರ್ದಿದ್ದಲ್ವಾ."

ಕೆಟ್ಟದ್ದನ್ನು ಕೆಟ್ಟದ್ದೆಂದೇ ಬರೆಯಬೇಕು, ಅದರಲ್ಲಿ ನಾನು ಈಗಲೂ ರಾಜಿಯಾಗುವುದಿಲ್ಲ. ಆದರೆ ಆ ಕೆಲಸ ಮಾಡಿದವರು ನನ್ನ ಬರಹವನ್ನು ಮನೆಗೆ ಒಯ್ದು, ಅಪ್ಪನ ಮುಂದೆ ಓದಿ, ಇದು ನಾನು ಮಾಡಿದ್ದು ಎಂದು ಹೇಳಲು ಆಗುವಂತೆ ಬರೆಯಬೇಕು.