ಮಗ್ಗುಲಾದರೆ ಮರೆಯುವ ಹಾಡು

ಮಗ್ಗುಲು ಬದಲಿಸಿದರೆ ಹಾಡುತ್ತಿದ್ದ ಹಾಡು ನಿಮಗೆ ಮರೆತುಹೋಗುತ್ತದೆಯೇ? ನನ್ನ ಮೊಮ್ಮಗಳ ಆ್ಯಪ್‌ಗೆ ಮರೆತುಹೋಗುತ್ತದೆ.

ಬಾಗಲಕೋಟೆಯಲ್ಲಿ ಕಂಪ್ಯೂಟರ್ ಓದುವ ಗಂಗಾ, ನಾನು ಹಾಡಿದ ಬೀಸುಕಲ್ಲಿನ ಪದಗಳಿಗೆ ಚಿತ್ರ ಸೇರಿಸಿ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಫೋನಿಗೊಂದು ಆ್ಯಪ್ ಬರೆದಿದ್ದಳು. ಮರುದಿನ ಕಾಲೇಜಿನಲ್ಲಿ ಅದರದೇ ಪರೀಕ್ಷೆ. ಇಳಕಲ್ಲಿನ ನಮ್ಮ ಮನೆಗೆ ಬಂದವಳು, "ಒಮ್ಮೆ ಕೇಳಿ ನೋಡು, ಆಯಿ" ಎಂದು ಫೋನು ಕೈಗಿಟ್ಟಳು. ಮಂಚದ ಮೇಲೆ ಮಲಗಿ ಕೇಳುತ್ತಿದ್ದೆ. ಸೊಂಟ ಹಿಡಿದಂತಾಗಿ ಮಗ್ಗುಲಾದೆ, ಫೋನೂ ಅಡ್ಡವಾಯಿತು. ಪದ ಮತ್ತೆ ಮೊದಲಿನಿಂದ ಶುರು. ನಾಲ್ಕು ಸಲ ಮಗ್ಗುಲಾದೆ, ನಾಲ್ಕು ಸಲವೂ ಹೀಗೇ. ನನ್ನ ಪದದ ಕೊನೆ ನನಗೇ ಕೇಳಲು ಸಿಗದೆ ತಲೆ ಕೆಟ್ಟಿತು.

"ನೀ ಏನರ ಒತ್ತಿರಬೇಕು" ಎಂದಳು ಗಂಗಾ.

"ನಾ ಏನೂ ಒತ್ತಿಲ್ಲವ್ವಾ. ಮಗ್ಗಲಾಗೇನಿ ಅಷ್ಟ."

ತಾನೂ ಫೋನು ಅಡ್ಡ ತಿರುಗಿಸಿ ನೋಡಿದವಳ ಮುಖ ಸಣ್ಣದಾಯಿತು. ಫೋನು ತಿರುಗಿದಾಗ ಪರದೆ ಹೊಸದಾಗಿ ಹುಟ್ಟುತ್ತದಂತೆ. ಹಾಡು ಎಲ್ಲಿಗೆ ಬಂದಿತ್ತೆಂದು ನೆನಪಿಡುವ ಸಾಲನ್ನೇ ಅವಳು ಪ್ರೋಗ್ರಾಮಿನಲ್ಲಿ ಬರೆದಿರಲಿಲ್ಲ. ಅವಳು ಲ್ಯಾಪ್‌ಟಾಪ್ ಮುಂದೆ ಕೂತು ತಿದ್ದುವಾಗ, ನಾನು ಅಲ್ಲೇ ಕೂತು ಪಕ್ಕದ ಮನೆಯ ಶಾಂತವ್ವನಿಗೆ ಈ ಗೋಳು ಹೇಳುತ್ತಿದ್ದೆ. ನಡುವೆ ಶಾಂತವ್ವನ ಸೊಸೆ ಬಂದಳು. ಮತ್ತೆ ಮೊದಲಿನಿಂದ ಹೇಳಿದೆ.

ಸಂಜೆಗೆ, ನಾನು ಮಗ್ಗುಲಾದರೂ ಪದ ಎಲ್ಲೂ ನಿಲ್ಲದೆ ಕೊನೆ ಮುಟ್ಟಿತು. "ಇಷ್ಟು ನೆನಪಿಡಾಕ ಬರೂದಿಲ್ಲೇನವಾ ನಿನ್ನ ಜಾವಾಕ್ಕ?" ಎಂದೆ.

ಗಂಗಾ ತಲೆ ಎತ್ತದೆ ಹೇಳಿದಳು: "ನಡುವ ಯಾರರ ಬಂದ್ರ ನೀನೂ ಮೊದಲಿಂದ ಸುರು ಮಾಡ್ತಿ, ಆಯಿ. ನಿನಗ ಯಾವ ಸಾಲು ಬರೀಲಿ?"