ಅತ್ತೆಗೂ ಇಟ್ಟ ಥರ್ಮಾಮೀಟರ್

ಬನಹಟ್ಟಿಯಲ್ಲಿ ನರ್ಸ್ ಆಗಿದ್ದಾಗ ಒಂದು ಬೇಸಿಗೆ ಮಧ್ಯಾಹ್ನ ನೇಕಾರರ ಮನೆಗೆ ಹೋಗಿದ್ದೆ. ಸೊಸೆ ಮಲಗಿದ್ದಳು. "ಆಕಿಗೆ ಜ್ವರಾ ಇಲ್ರಿ, ಬರೇ ಕೆಲಸಗಳ್ಳತನ," ಅಂದರು ಅತ್ತೆ.

ಚೀಲದಿಂದ ಥರ್ಮಾಮೀಟರ್ ತೆಗೆದೆ. ತಗಡಿನ ಸೂರಿನ ಸೆಕೆಗೆ ಪಾದರಸ ಹಿಗ್ಗಿ ಆಗಲೇ ನೂರಾ ಆರಕ್ಕೆ ಏರಿತ್ತು.

"ನೋಡ್ರಿ, ನಿಮ್ಮ ಚೀಲಕ್ಕೂ ಜ್ವರಾ ಬಂದಾವ!" ಅಂದರು ಅತ್ತೆ.

ಅದನ್ನು ಹರವಿಯ ತಣ್ಣೀರಿನಲ್ಲಿ ಅದ್ದಿ, ಕೊಡವಿ ಪಾದರಸ ಇಳಿಸಿ ಸೊಸೆಯ ನಾಲಿಗೆಯಡಿ ಇಟ್ಟೆ. ತೆಗೆದ ಕೂಡಲೇ ನೋಡಿದರೆ ನೂರಾ ಮೂರು. ಅತ್ತೆಯ ಮುಖ ಸಣ್ಣದಾಯಿತು. ಆಸ್ಪತ್ರೆಗೆ ಒಯ್ಯಲು ತಾವೇ ಓಡಿ ಹೋಗಿ ಆಟೋಕ್ಕೆ ಹೇಳಿ ಬಂದರು.

ಆಟೋ ಬರುವಷ್ಟರಲ್ಲಿ ತಾವೂ ಬಾಯಿ ತೆರೆದು ನಿಂತರು. ತೊಳೆದು, ಕೊಡವಿ ಅವರಿಗೂ ಇಟ್ಟೆ. ತೊಂಬತ್ತೆಂಟು. "ನೀವು ಆರಾಮ ಇದ್ದೀರಿ," ಅಂದೆ.

"ಇಷ್ಟ ಏನ್ರಿ? ನಸುಕಿನಿಂದ ಕಂಡಿಕಿಗೆ ನೂಲು ಸುತ್ತಾಕತ್ತೇನಿ!"

ಸೊಸೆ ಬೇಗ ಚೇತರಿಸಿಕೊಂಡಳು. ಆರಾಮ ಇದ್ದೀರಿ ಅಂದಿದ್ದಕ್ಕೆ ಅತ್ತೆ ಮಾತ್ರ ನನ್ನ ಸಂಗಡ ಬಹಳ ದಿನ ಮಾತಾಡಲಿಲ್ಲ.