ಜಾಲಿಸದೆ ಉಳಿದ ಧೋತರ

ಶಾವಿಗೆ ಮಣೆಯ ಮೇಲೆ ಕುಳಿತವಳು ನಡುವೆ ಏಳಬಾರದು. ಎದ್ದರೆ ಹಿಟ್ಟು ಒಣಗುತ್ತದೆ, ಎಳೆ ಹರಿಯುತ್ತದೆ, ಮೇಲಾಗಿ ಅತ್ತೆಯವರು ಬೈಯುತ್ತಾರೆ. (ಅತ್ತೆಯವರು ಶಿವನ ಪಾದ ಸೇರಿ ಆರು ವರ್ಷವಾಯಿತು. ಆದರೂ ಎದ್ದಾಗಲೆಲ್ಲ ಬೈದಂತೆಯೇ ಕೇಳುತ್ತದೆ.)

ಹೋದ ಗುರುವಾರ ನಾನು ಎದ್ದೆ.

ನಾನು ಹೊಸೆದ ಎಳೆಯನ್ನು ಕೋಲಿಗೆ ಹಾಕಲು ಪಕ್ಕದ ಮನೆಯ ಗಂಗವ್ವ ಬರಬೇಕಿತ್ತು. ಒಂದು ತಾಸು ತಡ ಮಾಡಿ ಬಂದಳು. ಬಂದವಳು ಒಳಗೂ ಬಾರದೆ ಹೊಸ್ತಿಲಲ್ಲೇ ನಿಂತಳು.

"ಯಕ್ಕಾ, ಬೀರಪ್ಪ ಬಸ್ ಇಳದಾನ."

"ಯಾವ ಬೀರಪ್ಪ?"

"ನಮ್ಮೂರಾಗ ಎಷ್ಟ್ ಮಂದಿ ಬೀರಪ್ಪ ಜೈಲಿಗೆ ಹೋಗ್ಯಾರ? ಕುರಿ ಬೀರಪ್ಪ. ಮ್ಯಾಲಿನ ಕೋರ್ಟ್ ಬಿಟ್ಟೈತಂತ. ಕಲಘಟಗಿ ಬಸ್ಸಿನಾಗ ಬಂದ, ಕೈಯಾಗ ಒಂದ್ ಚೀಲ. ತಲಿ ಅಗದಿ ಬೆಳ್ಳಗಾಗೈತಿ. ಹೇಣ್ತಿ ಮಾಳವ್ವ ಎದುರಿಗೆ ನಿಂತಿದ್ಲು, ಆಕೀಗೂ ಗುರ್ತ ಸಿಗಲಿಲ್ಲ."

ಪಡಸಾಲೆಯಲ್ಲಿ ನಮ್ಮನೆಯವರು ಪೇಪರ್ ಓದುತ್ತಿದ್ದರು. ಪೇಪರಿನ ಹಿಂದಿನಿಂದ ಒಂದು ಮಾತು ಬಂತು. "ಛಲೋ ಆತು."

ಹಾಳೆ ಮಾತ್ರ ತಿರುಗಲಿಲ್ಲ. ಮಧ್ಯಾಹ್ನದ ಊಟದವರೆಗೂ ಅದೇ ಪುಟ.

ಕಾರಣವಿದೆ. ಬೀರಪ್ಪನನ್ನು ಜೈಲಿಗೆ ಕಳಿಸಿದ ಕಾಗದದ ಕೆಳಗೆ ಇರುವ ಸಹಿ ಅವರದು.

ನೀವು ಈ ಅಂಕಣದಲ್ಲಿ ಹಪ್ಪಳದ ಹದ, ನೆಗಡಿಯ ಕಷಾಯ, ಮನೆ ಬೆಕ್ಕಿನ ಉಪದ್ವ್ಯಾಪ ಓದಿದವರು. ಖೂನಿ ಕೇಸು ನನ್ನ ವಿಷಯವಲ್ಲ, ಒಪ್ಪುತ್ತೇನೆ. ಆದರೆ ಈ ಕೇಸು ನಿಂತದ್ದು ಬಟ್ಟೆ ಒಗೆಯುವುದರ ಮೇಲೆ. ಅದು ನನ್ನ ವಿಷಯ.

ನಾಲ್ಕು ವರ್ಷದ ಹಿಂದಿನ ಮಾತು. ಕಬ್ಬಿನ ಗದ್ದೆಯ ಕಾವಲುಗಾರನೊಬ್ಬ ಕೆರೆಯ ದಂಡೆಯಲ್ಲಿ ತಲೆಗೆ ಪೆಟ್ಟು ಬಿದ್ದು ಸತ್ತುಬಿದ್ದಿದ್ದ. ಅದಕ್ಕೆ ಎಂಟು ದಿನ ಮೊದಲು ಅವನಿಗೂ ಬೀರಪ್ಪನಿಗೂ ಸಂತೆಯಲ್ಲಿ ಜಗಳವಾಗಿತ್ತು. ಬೀರಪ್ಪನ ಕುರಿಗಳು ಕಬ್ಬಿಗೆ ಬಾಯಿ ಹಾಕಿದ್ದವು. "ನಿನ್ನ ನೋಡ್ಕೋತೀನಿ" ಎಂದು ಬೀರಪ್ಪ ಅಂದದ್ದನ್ನು ಸಂತೆಯೆಲ್ಲ ಕೇಳಿತ್ತು. (ಈ ಮಾತನ್ನು ನಮ್ಮೂರಲ್ಲಿ ಎಲ್ಲರೂ ಎಲ್ಲರಿಗೂ ಅನ್ನುತ್ತಾರೆ. ನಾನು ದಿನಾ ಬೆಕ್ಕಿಗೆ ಅನ್ನುತ್ತೇನೆ.)

ಸೋಮವಾರ ಬೆಳಿಗ್ಗೆ ಬೀರಪ್ಪನ ಮನೆಗೆ ಪೊಲೀಸರು ಬಂದರು. ಮನೆ ಶೋಧಿಸುವಾಗ ಇಬ್ಬರು ಮರ್ಯಾದಸ್ಥರು ಪಂಚರಾಗಿ ನಿಂತು ನೋಡಬೇಕು, ಸಿಕ್ಕಿದ್ದನ್ನು ಬರೆದ ಕಾಗದಕ್ಕೆ ಸಹಿ ಹಾಕಬೇಕು. ಮರ್ಯಾದಸ್ಥರು ಅಂದರೆ ಯಾರು? ಇಸ್ತ್ರಿ ಅಂಗಿ ಇರಬೇಕು, ಸಹಿ ಬರಬೇಕು. ನಮ್ಮನೆಯವರಿಗೆ ಎರಡೂ ಇದ್ದವು. ಇಸ್ತ್ರಿ ನಾನೇ ಮಾಡಿದ್ದೆ.

ಬೀರಪ್ಪನ ಹಿತ್ತಲಲ್ಲಿ ಒಂದು ಬಕೆಟ್ಟು. ಅದರಲ್ಲಿ ನೆನೆಹಾಕಿದ ಧೋತರ. ಪೊಲೀಸರು ಲಾಠಿಯಿಂದ ಎತ್ತಿದರೆ ಮೊಣಕಾಲಿನ ಭಾಗದಲ್ಲಿ ಅಂಗೈಯಗಲ ಕೆಂಪು. ನೀರೂ ಕೆಂಪಾಗಿಯೇ ತೊಟ್ಟಿಕ್ಕುತ್ತಿತ್ತಂತೆ.

"ಏನಿದು?"

ಬೀರಪ್ಪನ ಹೆಂಡತಿ ಮಾಳವ್ವ ಹೇಳಿದಳು. "ಭಂಡಾರ ರೀ ಸಾಹೇಬ್ರ. ನಿನ್ನಿ ಐತವಾರ ಮೈಲಾರಪ್ಪನ ಪೂಜಿ ಇತ್ತು. ಸೋಡಾ ಹಾಕೀನಿ, ಅದಕ್ಕ ಕೆಂಪಾಗೈತಿ. ಜಾಲಿಸಿದ್ರ ಹೋಗತೈತ್ರಿ."

"ಹೋಗ್ತದಂತ ಗೊತ್ತಿದ್ದಕ್ಕ ತೋಯಿಸಿಟ್ಟಿ, ಹೌದಿಲ್ಲೋ?"

ಅಲ್ಲಿಗೆ ಅವಳ ಸಾಕ್ಷಿ ಮುಗಿಯಿತು.

ಭಂಡಾರವೆಂದರೆ ಮೈಲಾರಲಿಂಗನ ಹೆಸರಿನಲ್ಲಿ ತೂರುವ ಅರಿಶಿಣದ ಪುಡಿ. ಅರಿಶಿಣದ ಬಟ್ಟೆಗೆ ಬಟ್ಟೆ ಸೋಡಾ ತಾಗಿದರೆ ಏನಾಗುತ್ತದೆ ಎಂದು ಸೀರೆ ಒಗೆಯುವವರಿಗೆ ಹೇಳಬೇಕಿಲ್ಲ. ಒಗೆಯದವರಿಗೆ ಹೇಳುತ್ತೇನೆ. ನೋಡನೋಡುತ್ತ ಕೆಂಪಾಗುತ್ತದೆ. ಜಾಲಿಸಿ ಒಣಗಿಸಿದರೆ ತಿರುಗಿ ಹಳದಿ. ಜಾಲಿಸದೆ ಇಟ್ಟರೂ ತಿಂಗಳು ಕಳೆದಂತೆ ಕೆಂಪು ಇಳಿದು ಹಳದಿಯೇ ಉಳಿಯುತ್ತದೆ. ಮದುವೆಯಾದ ಹೊಸತರಲ್ಲಿ ನಾನೂ ಒಮ್ಮೆ ಹೌಹಾರಿದ್ದೆ. ಅತ್ತೆಯವರು ನಕ್ಕಿದ್ದರು. ಅವರು ನಕ್ಕದ್ದು ಅಪರೂಪ, ಹಾಗಾಗಿ ನೆನಪಿದೆ.

ಕಾಗದದಲ್ಲಿ ಪೊಲೀಸರು ಬರೆದದ್ದು "ರಕ್ತದ ಕಲೆಗಳುಳ್ಳ ಧೋತರ" ಎಂದು. ನಮ್ಮನೆಯವರು ಸಹಿ ಹಾಕಿದರು. ಓದಿ ಹಾಕಿದರೇ? ನಮ್ಮ ಕಡೆ ಸಹಿ ಕೇಳುವುದೇ ಒಂದು ಮರ್ಯಾದೆ. ಕೇಳಿದ ಮೇಲೆ ಓದುತ್ತ ಕೂತರೆ ಎದುರಿಗಿದ್ದವರ ಮೇಲೆ ಅನುಮಾನಪಟ್ಟಂತೆ. ರೇಷನ್ ಅರ್ಜಿಗೂ ಹಾಗೇ, ಸೊಸೈಟಿ ಠರಾವಿಗೂ ಹಾಗೇ, ಒಬ್ಬ ಮನುಷ್ಯನ ಜೀವಕ್ಕೂ ಹಾಗೇ.

ಸುಳ್ಳು ಹೇಳುವವರಲ್ಲ ಅವರು. ಕೆಂಪು ಇತ್ತು, ಕೆಂಪು ನೋಡಿದರು. ರಕ್ತ ಎಂದು ಬರೆದದ್ದು ಬೇರೆಯವರ ಪೆನ್ನು.

ಅಂದು ಊಟಕ್ಕೆ ಕೂತಾಗ ಎಲ್ಲ ಹೇಳಿದರು. ನಾನು ಕೇಳಿದೆ, "ಸೋಡಾ ಹಾಕಿದ್ದು ಖರೆ ಏನ್ರಿ?"

"ಖೂನಿ ಕೇಸಿನಾಗ ನಿನ್ನ ಸೋಡಾ ಎಲ್ಲಿಂದ ಬಂತ? ಪಲ್ಯ ಹಾಕು."

ಪಲ್ಯ ಹಾಕಿದೆ. ತಿರುಗಿ ಕೇಳಲಿಲ್ಲ.

ಕೇಸು ಕೋರ್ಟಿಗೆ ಬರುವ ಮೊದಲು ಮಾಳವ್ವ ನಮ್ಮ ಬಾಗಿಲಿಗೆ ಬಂದಿದ್ದಳು. "ಅಕ್ಕಾರ, ಗೌಡ್ರಿಗೆ ಒಂದ್ ಮಾತ್ ಹೇಳ್ರಿ. ರಗತ ಅನಬ್ಯಾಡ್ರಿ, ಕೆಂಪ ಅನ್ರಿ, ಅಷ್ಟ ಸಾಕು. ನೀವೂ ಅರಿವಿ ಒಗಿಯಾವ್ರು. ನಿಮಗ ಗೊತ್ತೈತಲ್ರಿ?"

ಗೊತ್ತಿತ್ತು. ಅವಳಿಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟೆ. "ದೇವರು ನೋಡ್ತಾನ ಮಾಳವ್ವ" ಅಂದೆ.

ದೇವರು ನೋಡುತ್ತಾನೆ, ಅದರಲ್ಲಿ ನನಗೆ ಅಂದೂ ಸಂಶಯವಿರಲಿಲ್ಲ, ಇಂದೂ ಇಲ್ಲ. ಆದರೆ ಬಾಯಿ ಬಿಟ್ಟು ಹೇಳುವ ಕೆಲಸ ಅವನು ನನಗೆ ಕೊಟ್ಟಿದ್ದ. ನಾನು ಅದನ್ನು ಅವನಿಗೇ ವಾಪಸು ಕೊಟ್ಟು, ಬಾಗಿಲು ಮುಂದೆ ಮಾಡಿಕೊಂಡು ದೀಪ ಹಚ್ಚಲು ಹೋದೆ.

ಇನ್ನು ಲ್ಯಾಬಿನ ಸಂಗತಿ. ಧೋತರವನ್ನು ಒಣಗಿಸಿ, ಗಂಟು ಕಟ್ಟಿ, ಅರಗಿನ ಸೀಲು ಒತ್ತಿ ಬೆಂಗಳೂರಿಗೆ ಕಳಿಸಿದ್ದರು. ಅಲ್ಲಿ ಸೂಜಿ ಮೊನೆಯಷ್ಟು ರಕ್ತವಿದ್ದರೂ ಔಷಧಿ ಹಾಕಿ ಹಿಡಿಯುತ್ತಾರಂತೆ. ತಿಂಗಳುಗಟ್ಟಲೆ ಕಾದ ಮೇಲೆ ರಿಪೋರ್ಟು ಬಂತು. ರಕ್ತವಿಲ್ಲ. ಕಲೆಯ ಬಣ್ಣ ಹಳದಿ.

ಮುಗಿಯಿತಲ್ಲ ಎಂದು ನಾನು ತುಪ್ಪದ ದೀಪವನ್ನೇ ಹಚ್ಚಿದೆ. ಮುಗಿಯಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಹೇಳಿದ್ದೇನು ಗೊತ್ತೇ? ಬಟ್ಟೆ ಒಗೆದಿದ್ದರಿಂದ ರಕ್ತ ಹೋಗಿದೆ. ಲ್ಯಾಬಿಗೆ ಕಾಣದಿದ್ದರೇನು, ಅದಕ್ಕೂ ಮೊದಲೇ ಇಬ್ಬರು ಮರ್ಯಾದಸ್ಥರು ಕಣ್ಣಾರೆ ಕಂಡಿದ್ದಾರಲ್ಲ!

ಜೀವಾವಧಿ ಶಿಕ್ಷೆ. (ಗಲ್ಲು ಅಲ್ಲ. ಆ ದಿನ ನಾನು ಎಣಿಸಿದ ದಯೆ ಅದೊಂದೇ.)

ಕಾವಲುಗಾರನ ಹೆಂಡತಿಗಾದರೂ ನ್ಯಾಯ ಸಿಕ್ಕಿತು ಎಂದು ಊರು ಅಂದುಕೊಂಡಿತು. ಈಗ ಅದೂ ಇಲ್ಲ. ನಿಜವಾಗಿ ಕೊಂದವನು ಈ ನಾಲ್ಕು ವರ್ಷ ಯಾವ ಊರಲ್ಲಿ ಹೊಟ್ಟೆ ತುಂಬ ಉಂಡಿದ್ದಾನೋ, ಯಾರೂ ಅವನನ್ನು ಹುಡುಕಿಲ್ಲ. ಸಿಕ್ಕಿದ್ದಾನೆ ಎಂದುಕೊಂಡ ಮೇಲೆ ಹುಡುಕುವುದೇಕೆ?

ಮೊನ್ನೆ ಭಾನುವಾರ ಬೀರಪ್ಪ ನಮ್ಮ ಮನೆಗೇ ಬಂದ. ಹಿಂದೆ ಮಾಳವ್ವ. ಕಟ್ಟೆಯ ಮೇಲೆ ನಮ್ಮನೆಯವರ ಜೊತೆ ನಾಲ್ಕೈದು ಮಂದಿ ಕುಳಿತಿದ್ದರು. ಬೈಯುತ್ತಾನೋ, ಅಳುತ್ತಾನೋ ಎಂದು ನಾನು ಬಾಗಿಲ ಮರೆಯಲ್ಲಿ ನಿಂತೆ.

ಎರಡೂ ಮಾಡಲಿಲ್ಲ. ಮೈಲಾರಪ್ಪನ ಪೂಜೆ ಮುಗಿಸಿ ಬಂದಿದ್ದ. ಪೂಜೆಯ ನಂತರ ಮನೆ ಮನೆಗೆ ಹೋಗಿ ಭಂಡಾರ ಹಚ್ಚುವುದು ಅವರ ಪದ್ಧತಿ. ನಮ್ಮನೆಯವರ ಹಣೆಗೂ ಹಚ್ಚಿದ. ಅವರು ಬಗ್ಗಿದರು. ಒಂದಿಷ್ಟು ಪುಡಿ ಬಿಳಿ ಅಂಗಿಯ ಎದೆಗೆ ಉದುರಿತು.

ಆಮೇಲೆ ಬೀರಪ್ಪ ಚೀಲದಿಂದ ಕಾಗದದ ಕಟ್ಟು ತೆಗೆದ. "ಗೌಡ್ರ, ಮ್ಯಾಲಿನ ಕೋರ್ಟಿನ ಕಾಗದ. ಇಂಗ್ಲೀಷಿನಾಗೈತಿ. ನಮ್ಮೂರಾಗ ಓದಾವ್ರು ನೀವ. ಎಲ್ಲಾರಿಗೂ ಕೇಳೂ ಹಂಗ ಓದ್ರಿ."

"ಕೋರ್ಟ್ ಬಿಟ್ಟೈತಿ. ಮುಗೀತಲ್ಲ ಬೀರಪ್ಪ?"

"ಕೋರ್ಟ್ ದೂರ ಐತ್ರಿ. ನಾ ಇರೂದು ಇಲ್ಲಿ."

ಅವನ ಮಾತಿನ ಅರ್ಥ ಕಟ್ಟೆಯ ಮೇಲಿದ್ದ ಎಲ್ಲರಿಗೂ ಗೊತ್ತಿತ್ತು. ಬೇಸಿಗೆಯಲ್ಲಿ ಖಾಲಿ ಹೊಲಗಳಿಗೆ ಕುರಿಹಿಂಡನ್ನು ಕರೆದು ರಾತ್ರಿ ನಿಲ್ಲಿಸಿಕೊಳ್ಳುತ್ತೇವೆ, ಗೊಬ್ಬರಕ್ಕೆ. ಕುರಿಯವರ ಬದುಕು ನಡೆಯುವುದೇ ಅದರಿಂದ. ನಾಲ್ಕು ವರ್ಷ ಉಳಿದ ಕುರಿಗಳನ್ನು ಮಾಳವ್ವ ಒಬ್ಬಳೇ ಕಾಯ್ದಳು. ನಮ್ಮೂರಿನ ಒಬ್ಬರೂ ಕರೆಯಲಿಲ್ಲ. ಮಿಶ್ರಿಕೋಟಿಯಾಚೆ, ಹೆಸರು ಗೊತ್ತಿಲ್ಲದವರ ಹೊಲ ಹುಡುಕಿಕೊಂಡು ಹೋಗುತ್ತಿದ್ದಳು. ಖೂನಿ ಮಾಡಿದವನ ಕುರಿಯ ಹಿಕ್ಕೆಯೂ ನಮಗೆ ಬೇಡವಾಗಿತ್ತು. ಈ ಬೇಸಿಗೆಯೂ ಯಾರೂ ಕರೆಯದಿದ್ದರೆ ಗಂಡ ಹೆಂಡತಿ ಊರು ಬಿಡುವುದೇ.

ನಮ್ಮನೆಯವರು ಕನ್ನಡಕ ಹಾಕಿಕೊಂಡು ಓದತೊಡಗಿದರು. ಒಂದು ಸಾಲು ಇಂಗ್ಲಿಷು, ಅದರ ಕನ್ನಡ, ಮತ್ತೊಂದು ಸಾಲು. ಪಂಚರ ವಿಷಯ ಬಂದಾಗ ದನಿ ಇಳಿಯಿತು. ಕಾಗದದಲ್ಲಿ ಕೆಂಪು, ಲ್ಯಾಬಿನಲ್ಲಿ ಹಳದಿ. ಇದು ಹೇಗಾಯಿತೆಂದು ಯಾರೂ ವಿವರಿಸಿಲ್ಲ. ಕಲೆ ಉಳಿದು ರಕ್ತ ಮಾತ್ರ ಹೇಗೆ ಹೋದೀತು? ಅದು ರಕ್ತವೇ ಅಲ್ಲವೇ ಎಂದು ತಿಳಿಯದೆಯೇ ಸಾಕ್ಷಿದಾರರು ಸಹಿ ಹಾಕಿದ್ದಾರೆ.

ಬೇಕಿದ್ದರೆ ಆ ಸಾಲು ಬಿಡಬಹುದಿತ್ತು. ಇಂಗ್ಲಿಷು ಬಲ್ಲವರು ಅಲ್ಲಿ ಬೇರೆ ಯಾರಿದ್ದರು? ಬಿಡಲಿಲ್ಲ. ನಾನು ಒಳಗೇ ಕೈ ಮುಗಿದೆ.

ಕೊನೆಗೆ, ಸಂಶಯದ ಲಾಭ ಕೊಟ್ಟು ಬಿಡುಗಡೆ.

ಎದುರು ಮನೆಯ ಬಸಪ್ಪಜ್ಜ ಎಲೆ ಅಡಿಕೆ ಉಗುಳಿ ಬಂದು ಕೇಳಿದ, "ಸಂಶಯ ಅಂದ್ರ? ಮಾಡಿಲ್ಲ ಅಂತನೂ ಆತು, ಮಾಡಿದ್ರೂ ಮಾಡಿರಬಹುದು ಅಂತನೂ ಆತು. ಹಂಗೇನ್ರಿ?"

ಬಸಪ್ಪಜ್ಜ ನಮ್ಮನೆಯವರ ಕಡೆಗೇ ತಿರುಗಿದ.

"ಅಲ್ರೀ ಗೌಡ್ರ, ಕೆಂಪ ಇದ್ದದ್ದು ಖರೆ. ನೀವ ನೋಡೀರಿ. ಅದು ಹಳದಿ ಹೆಂಗಾತು?"

"ಅದನ್ನ ಕೋರ್ಟಿನವ್ರು ಬರದಿಲ್ಲ" ಎಂದರು ನಮ್ಮನೆಯವರು.

ಬೀರಪ್ಪ ನೆಲ ನೋಡುತ್ತಿದ್ದ. ಮಾಳವ್ವ ಬಾಗಿಲ ಕಡೆ ನೋಡಿದಳು, ನನ್ನನ್ನು. ನಾಲ್ಕು ವರ್ಷದ ಹಿಂದೆ ನೋಡಿದ ಹಾಗೆಯೇ. ಈ ಸಲ ನಾನು ಮಜ್ಜಿಗೆ ತರಲಿಲ್ಲ.

ಹೊರಗೆ ಬಂದೆ. "ಆ ಅಂಗಿ ಕಳದ್ ಕೊಡ್ರಿ."

"ಈಗ? ಇಲ್ಲೇ?"

"ಭಂಡಾರ ಬಿದ್ದೈತಿ. ತೋಯಿಸಬೇಕು."

ಇಷ್ಟು ಮಂದಿಯ ಎದುರು ಹೆಂಡತಿಯೊಡನೆ ಜಗಳವಾಡುವುದಕ್ಕಿಂತ ಅಂಗಿ ಬಿಚ್ಚಿಕೊಡುವುದು ವಾಸಿ ಎಂದು ಅವರಿಗೆ ತೋರಿರಬೇಕು. ಕೊಟ್ಟರು. ನಮ್ಮಲ್ಲಿ ಬಟ್ಟೆ ಒಗೆಯುವುದು ಹಿತ್ತಲಲ್ಲಿ. ಅಂದು ಬಕೆಟ್ಟನ್ನು ಅಂಗಳಕ್ಕೆ ತಂದು, ಕಟ್ಟೆಯ ಮುಂದೆಯೇ ಇಟ್ಟೆ. ಒಂದು ಮುಷ್ಟಿ ಸೋಡಾ ಹಾಕಿ ಕದಡಿದೆ. ಅಂಗಿ ಮುಳುಗಿಸಿದೆ.

ಒಂದು ಉಸಿರು ಬಿಡುವಷ್ಟು ಹೊತ್ತು. ಎದೆಯ ಮೇಲಿನ ಹಳದಿ ಕಂದಾಯಿತು, ಕಂದು ಕೆಂಪಾಯಿತು. ಎತ್ತಿ ಹಿಡಿದೆ. ತೊಟ್ಟಿಕ್ಕಿದ ನೀರೂ ಕೆಂಪು.

ಬಸಪ್ಪಜ್ಜ ಎದ್ದೇ ನಿಂತ.

ಗಂಗವ್ವ ತನ್ನ ಗೋಡೆಯಾಚೆಯಿಂದ ಕೂಗಿದಳು, "ಅಯ್ಯ ಶಿವನ! ಗೌಡ್ರ ಅಂಗಿ ತುಂಬ ರಗತ! ಯಾರನ್ನ ಮುಗಿಸಿ ಬಂದ್ರೀ ಗೌಡ್ರ?"

ಯಾರಿಗೂ ನಗುವ ಧೈರ್ಯವಾಗಲಿಲ್ಲ. ನಕ್ಕವಳು ಮಾಳವ್ವ ಒಬ್ಬಳೇ.

ನಮ್ಮನೆಯವರು ಬನಿಯನ್ನಿನಲ್ಲೇ ಇಳಿದು ಬಂದು ಬಕೆಟ್ಟಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು.

"ಹಿಂಗ ಇತ್ತು" ಎಂದರು. "ಅಗದಿ ಹಿಂಗ."

ಆಮೇಲೆ ತಲೆ ಎತ್ತಿ, ಕಟ್ಟೆಯವರಿಗೂ ಕೇಳುವಂತೆ, "ಬೀರಪ್ಪ, ಅದು ರಗತ ಅಲ್ಲ. ತಪ್ಪ್ ಬರದಿದ್ದಕ್ಕ ನಾ ಸಹಿ ಮಾಡೀನಿ. ನಾಳಿಂದ ನಮ್ಮ ಹೊಲದಾಗ ಕುರಿ ನಿಲ್ಲಸು. ಒಳಗಿನ ಹೊಲ ಬ್ಯಾಡ. ರಸ್ತಾ ಬಾಜೂದು. ಬಸ್ಸಿನಾಗ ಹೋಗಾವ್ರಿಗೂ ಕಾಣಬೇಕು."

"ಆತ್ರಿ" ಎಂದ ಬೀರಪ್ಪ. ಅಷ್ಟೇ. ಕ್ಷಮಿಸಿದ್ದೇನೆ ಎನ್ನಲಿಲ್ಲ. ಯಾಕೆ ಅನ್ನಬೇಕು?

ಅವನು ಹೊರಟಾಗ ಬಸಪ್ಪಜ್ಜ ಹಿಂದಿನಿಂದ ಕೂಗಿದ, "ಗೌಡ್ರ ಹೊಲ ಆದಮ್ಯಾಲೆ ನಮ್ಮ ಹೊಲಕ್ಕ ಬಾರಲೇ!" (ನಾಲ್ಕು ವರ್ಷ ಗೊಬ್ಬರ ಕಾಣದ ಹೊಲ. ಬಸಪ್ಪಜ್ಜನ ಸಂಶಯ ಹೋದದ್ದು ಬಕೆಟ್ಟಿನಿಂದಲೋ ಗೊಬ್ಬರದಾಸೆಯಿಂದಲೋ, ನಾನು ವಿಚಾರಿಸಲು ಹೋಗಲಿಲ್ಲ. ಸಿಕ್ಕಿದ ದಯೆಯ ಮೂಲ ಕೆದಕಬಾರದು.)

ಗಂಗವ್ವ ಈಗ ನನ್ನನ್ನು ವಕೀಲರಮ್ಮ ಎನ್ನುತ್ತಾಳೆ. ಬೇಡ ಎಂದಿದ್ದೇನೆ. ನಾನು ಮೊದಲೇ ಹೇಳಿದ್ದೆ ಎನ್ನುವ ಹಕ್ಕು ನನಗಿಲ್ಲ. ನಾನು ಕೇಳಿದ್ದೆ, ಒಮ್ಮೆ, ಪಲ್ಯ ಬಡಿಸುವ ಮೊದಲು.

ಮಂದಿ ಚದುರಿದರು. ಬಕೆಟ್ಟು ಅಂಗಳದಲ್ಲೇ ಉಳಿಯಿತು. ಅಂಗಿ ಹಿಂಡಿದೆ, ಜಾಲಿಸಿದೆ, ಮತ್ತೊಮ್ಮೆ ಜಾಲಿಸಿ ಬಿಸಿಲಿಗೆ ಹಾಕಿದೆ.

ಕೆಂಪು ಹೋಗಲು ಎರಡು ಕೊಡ ನೀರು ಸಾಕಾಯಿತು. ನಾಲ್ಕು ವರ್ಷ ಯಾಕೆ ಬೇಕಾಯಿತು?